ಆಟ ಮುಗಿದ ಮೇಲಿನ ಶಿಲ್ಕು

“ಆಟ ಆಡಿದರೆ ಹೊಟ್ಟೆ ತುಂಬುತ್ತದೆಯೇ?” ಎಂದು ಕೇಳುವ ಅಜ್ಜ ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇದ್ದಾರೆ. “ಇದೊಂದು ಮುಗಿಸಿ ಬಂದೆ, ಅವ್ವಾ” ಎಂದು ಪರದೆಯಿಂದ ಕಣ್ಣು ಕೀಳದೆ ಕೂಗುವ ಮೊಮ್ಮಗನೂ ಇದ್ದಾನೆ. ಹೊತ್ತು ಮುಳುಗುವ ಮೊದಲು ಎಲ್ಲರ ಊಟ ಮುಗಿಯಬೇಕಾದ ಮನೆಗಳಲ್ಲಿ ಈ ತಕರಾರು ದಿನವೂ ಸಂಜೆ ಐದಕ್ಕೇ ಶುರುವಾಗುತ್ತದೆ.

1990ರ ದಶಕದಲ್ಲಿ ಸೋಲಾಪುರ, ಅಕ್ಕಲಕೋಟ, ಜತ್ತ ಕಡೆಯ ನಮ್ಮ ಅಂಗಡಿಕಾರರ ಮನೆಗಳಿಗೆ ‘ಟಿ.ವಿ. ಗೇಮ್’ ಎಂಬ ಪೆಟ್ಟಿಗೆ ಬಂದಿತು. ಅವುಗಳಲ್ಲಿ ಬಹಳಷ್ಟು, ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರದ ನಕಲುಗಳು. ಕ್ಯಾಸೆಟ್ಟಿನ ಮೇಲೆ ನೂರಾರು ಆಟಗಳಿವೆ ಎಂದು ಬರೆದಿರುತ್ತಿತ್ತು. ಒಳಗೆ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಅನಂತರ ಕಂಪ್ಯೂಟರ್ ಬಂದಿತು. ಈಗ ಎಲ್ಲರ ಜೇಬಿನಲ್ಲಿಯೂ ಮೊಬೈಲ್ ಇದೆ. ಅಂದು ಆಡಿದವರೇ ಇಂದು ಗಲ್ಲಾದ ಮೇಲೆ ಕುಳಿತು ಮಕ್ಕಳನ್ನು ಗದರಿಸುತ್ತಿದ್ದಾರೆ.

ಆಟವೆಲ್ಲ ಕೆಟ್ಟದ್ದು ಎನ್ನುವವರ ಮಾತನ್ನೂ ನಾವು ಒಪ್ಪುವುದಿಲ್ಲ, ಆಟವೆಲ್ಲ ಒಂದೇ ಎನ್ನುವವರ ಮಾತನ್ನೂ ಒಪ್ಪುವುದಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಕಿರ್ದಿ ಬರೆದು ಶಿಲ್ಕು ನೋಡುವುದು ನಮ್ಮ ರೂಢಿ. ಆಟಕ್ಕೂ ಅದೇ ಅಳತೆ ಸಾಕು. ಆಟ ಮುಗಿದು ಪರದೆ ಆರಿದ ಮೇಲೆ ಆಡಿದವನಲ್ಲಿ ಉಳಿದದ್ದೇನು? ಈ ಅಳತೆಯಿಂದ ನೋಡಿ ನಮಗೆ ಮೆಚ್ಚಿಗೆಯಾದ ಆರು ಆಟಗಳನ್ನು ಇಲ್ಲಿ ಹೇಳುತ್ತೇವೆ. ಇದು ನಮ್ಮ ಅಭಿಪ್ರಾಯ ಮಾತ್ರ. ಒಪ್ಪದವರು ತಮ್ಮ ಪಟ್ಟಿಯನ್ನು ಬರೆದು ಕಳಿಸಲಿ.

ಒಂದು: ಟೆಟ್ರಿಸ್

ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ನಾಲ್ಕು ನಾಲ್ಕು ಚೌಕಗಳು ಕೂಡಿದ ಏಳೇ ಆಕಾರಗಳು. ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಜೋಡಿಸಬೇಕು. ಸಾಲು ತುಂಬಿದರೆ ಮಾಯವಾಗುತ್ತದೆ, ತುಂಬದಿದ್ದರೆ ರಾಶಿ ಮೇಲೇರುತ್ತದೆ. ಗೋದಾಮಿನಲ್ಲಿ ಚೀಲ, ಡಬ್ಬಿ, ಪೆಟ್ಟಿಗೆಗಳನ್ನು ಜಾಗ ಹಾಳಾಗದಂತೆ ಒಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅರವತ್ತು ದಾಟಿದವರೂ ಐದು ನಿಮಿಷದಲ್ಲಿ ಕಲಿಯಬಲ್ಲ ಆಟವಿದು.

ಇದನ್ನು 1984ರಲ್ಲಿ ರಚಿಸಿದವರು ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್. ಆಟಕ್ಕಿಂತ ಅದರ ವ್ಯವಹಾರದ ಕಥೆ ನಮ್ಮ ಓದುಗರಿಗೆ ಹೆಚ್ಚು ರುಚಿಸೀತು. ಆಗ ಸೋವಿಯೆತ್ ದೇಶದಲ್ಲಿ ಇಂಥದನ್ನು ಪರದೇಶಕ್ಕೆ ಮಾರುವ ಹಕ್ಕು ಎಲೋರ್ಗ್ ಎಂಬ ಸರಕಾರಿ ಸಂಸ್ಥೆಗೆ ಮಾತ್ರ ಇತ್ತು. ರಾಬರ್ಟ್ ಸ್ಟೈನ್ ಎಂಬ ವ್ಯಾಪಾರಿ ಕಂಪ್ಯೂಟರುಗಳಿಗಾಗಿ ಆಟದ ಹಕ್ಕು ಪಡೆದಿದ್ದರು. ಅದು ಕೈಯಿಂದ ಕೈಗೆ ಮಾರಾಟವಾಗುತ್ತ, ಟಿ.ವಿ. ಯಂತ್ರಗಳ ಹಕ್ಕೂ ಅದರಲ್ಲಿಯೇ ಸೇರಿದೆ ಎಂಬಂತೆ ನಡೆಯತೊಡಗಿತು. 1989ರ ಫೆಬ್ರವರಿಯಲ್ಲಿ ಹೆಂಕ್ ರೋಜರ್ಸ್ ಎಂಬವರು ನಿಂಟೆಂಡೊದ ಕಡೆಯಿಂದ ಮಾಸ್ಕೋಗೆ ಹೋಗಿ ಟಿ.ವಿ. ಯಂತ್ರದ ಕ್ಯಾಸೆಟ್ ತೋರಿಸಿದಾಗ, ಎಲೋರ್ಗಿನ ನಿಕೊಲಾಯ್ ಬೆಲಿಕೋವ್ ಬೆರಗಾದರು. ಅಂಥ ಹಕ್ಕನ್ನು ಅವರು ಯಾರಿಗೂ ಕೊಟ್ಟೇ ಇರಲಿಲ್ಲ.

ಅದೇ ದಿನಗಳಲ್ಲಿ ಅಲ್ಲಿಗೆ ಬಂದಿದ್ದ ಸ್ಟೈನ್ ಅವರ ಮುಂದೆ ಬೆಲಿಕೋವ್ ತಿದ್ದುಪಡಿಯ ಕರಾರನ್ನು ಇಟ್ಟರು. ಅದರಲ್ಲಿ ಹಣ ತಡವಾದರೆ ದಂಡ ಎಂಬ ಕಲಮು ಎದ್ದು ಕಾಣುತ್ತಿತ್ತು. ಸ್ಟೈನ್ ಅವರ ಗಮನವೆಲ್ಲ ಅದರ ಮೇಲೆಯೇ ಹೋಯಿತು. ಕಂಪ್ಯೂಟರ್ ಎಂದರೆ ಕೀಲಿಮಣೆ, ಮಾನಿಟರ್, ಡಿಸ್ಕ್ ಡ್ರೈವ್ ಉಳ್ಳ ಯಂತ್ರ ಎಂಬ ಸಣ್ಣ ಕಲಮೊಂದು ಕೂಡ ಅದರಲ್ಲಿತ್ತು. ಅದಕ್ಕೂ ಸೇರಿಸಿ ಸಹಿ ಬಿದ್ದಿತು. ಆ ಒಂದು ಸಾಲಿನಿಂದ ಟಿ.ವಿ. ಯಂತ್ರದ ಹಕ್ಕು ಅವರ ಕೈತಪ್ಪಿ ನಿಂಟೆಂಡೊಗೆ ಸಿಕ್ಕಿತು. ಅಮೆರಿಕದಲ್ಲಿ ಟೆಂಜೆನ್ ಎಂಬ ಕಂಪನಿ ಆಗಲೇ ತಯಾರಿಸಿದ್ದ ಕ್ಯಾಸೆಟ್ಟುಗಳನ್ನು 1989ರಲ್ಲಿ ನ್ಯಾಯಾಲಯದ ತಡೆಯಾಜ್ಞೆಯಿಂದ ಅಂಗಡಿಗಳಿಂದ ಹಿಂತೆಗೆಯಬೇಕಾಯಿತು. ಅಂಗೈಯಲ್ಲಿ ಹಿಡಿಯುವ ‘ಗೇಮ್ ಬಾಯ್’ ಯಂತ್ರಕ್ಕಾಗಿ ಟೆಟ್ರಿಸ್ ಸುಮಾರು ಮೂರೂವರೆ ಕೋಟಿ ಪ್ರತಿ ಹೋಯಿತು. ರಚಿಸಿದ ಪಜಿತ್ನೋವ್ ಅವರಿಗೆ ಗೌರವಧನ ಬರತೊಡಗಿದ್ದು ಮಾತ್ರ 1996ರಲ್ಲಿ. ಕರಾರು ಪತ್ರವನ್ನು ಓದದೆ ಸಹಿ ಮಾಡಬೇಡ ಎಂದು ಮಗನಿಗೆ ಹೇಳುವ ತಂದೆ ಈ ಕಥೆಯನ್ನೂ ಸೇರಿಸಿ ಹೇಳಬಹುದು.

ಎರಡು: ಸೂಪರ್ ಮಾರಿಯೊ ಬ್ರದರ್ಸ್

ಟೋಪಿ, ಮೀಸೆಯ ಈ ಕುಳ್ಳ ಮನುಷ್ಯನನ್ನು ಅರಿಯದ ಮನೆ ಕಡಿಮೆ. 1985ರಲ್ಲಿ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರು ಈ ಆಟವನ್ನು ತಯಾರಿಸಿದರು. ಎಂಟು ಲೋಕಗಳು, ಒಂದೊಂದರಲ್ಲಿ ನಾಲ್ಕು ಹಂತಗಳು, ಸಂಗೀತ, ಚಿತ್ರ ಎಲ್ಲವೂ ಸೇರಿ ಕೇವಲ 40 ಕಿಲೋಬೈಟಿನಲ್ಲಿ ಅಡಗಿವೆ. ನೀವೀಗ ಓದುತ್ತಿರುವ ಈ ಲೇಖನವನ್ನು ಕಂಪ್ಯೂಟರಿನಲ್ಲಿ ಇಟ್ಟರೂ ಹೆಚ್ಚು ಕಡಿಮೆ ಅಷ್ಟೇ ಜಾಗ ಬೇಕು. ಇದನ್ನು ಅವರು ಸಾಧಿಸಿದ್ದು ಕಾಟಕಸರಿನಿಂದ. ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಬಿಳಿ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ಇದ್ದುದರಲ್ಲಿ ಸಂಸಾರ ತೂಗಿಸುವ ನಮ್ಮ ತಾಯಂದಿರು ಇದನ್ನು ಕಂಡು ತಲೆದೂಗಿಯಾರು.

ಇನ್ನೊಂದು ಗುಣವನ್ನು ಶಾಲೆಯ ಗುರುಗಳು ನೋಡಬೇಕು. ಮೊದಲ ಹಂತದಲ್ಲಿ ‘ಹೀಗೆ ಮಾಡು’ ಎಂಬ ಒಂದು ಅಕ್ಷರವೂ ಇಲ್ಲ. ಎದುರಿಗೆ ಬರುವ ಪ್ರಾಣಿಯನ್ನು ಮುಟ್ಟಿದರೆ ಸೋಲು, ಹಾರಿದರೆ ಉಳಿವು ಎಂದು ಮಗು ತಾನೇ ಅರಿಯುತ್ತದೆ. ಬಲ ಕೊಡುವ ಅಣಬೆ ಮೊದಲು ದೂರ ಉರುಳಿ, ಕೊಳವೆಗೆ ಬಡಿದು, ತಿರುಗಿ ಮಗುವಿನ ಕಡೆಗೇ ಬರುತ್ತದೆ. ತಪ್ಪಿಸಿಕೊಳ್ಳಲು ಹೋದರೂ ತಗಲುವಂತೆ ಜಾಗ ಹೊಂದಿಸಿಟ್ಟಿದ್ದಾರೆ. ಬೈಯದೆ, ಹೊಡೆಯದೆ ಕಲಿಸುವ ರೀತಿ ಇದು. ಬಿದ್ದರೆ ಮತ್ತೆ ಏಳುವ ತಾಳ್ಮೆಯೇ ಇಲ್ಲಿಯ ಶಿಲ್ಕು.

ಮೂರು: ಲೆಮನೇಡ್ ಸ್ಟ್ಯಾಂಡ್

ಹೆಸರಿಗೆ ತಕ್ಕಂತೆ ಇದು ಲಿಂಬೆಹಣ್ಣಿನ ಪಾನಕ ಮಾರುವ ಅಂಗಡಿಯ ಆಟ. ಅಮೆರಿಕದ ಮಿನ್ನೆಸೋಟ ರಾಜ್ಯದ ಶಾಲೆಗಳಿಗಾಗಿ ಬಾಬ್ ಜೇಮಿಸನ್ 1973ರಲ್ಲಿ ಬರೆದದ್ದು. 1979ರಲ್ಲಿ ಆ್ಯಪಲ್ ಕಂಪ್ಯೂಟರಿಗೆ ಬಂದು ಮನೆಮಾತಾಯಿತು. ಚಿತ್ರಗಳು ಅಷ್ಟಕ್ಕಷ್ಟೇ. ಆದರೆ ವ್ಯಾಪಾರದ ತಿರುಳೆಲ್ಲ ಇದರಲ್ಲಿದೆ.

ಕೈಯಲ್ಲಿ ಎರಡು ಡಾಲರ್ ಬಂಡವಾಳ. ಬೆಳಿಗ್ಗೆ ಹವಾಮಾನದ ವರದಿ ಬರುತ್ತದೆ. ಆಮೇಲೆ ಮೂರೇ ಪ್ರಶ್ನೆ: ಎಷ್ಟು ಗ್ಲಾಸು ತಯಾರಿಸುತ್ತೀ? ಎಷ್ಟು ಜಾಹೀರಾತಿನ ಫಲಕ ಹಾಕುತ್ತೀ? ಗ್ಲಾಸಿಗೆ ಎಷ್ಟು ದರ? ಉತ್ತರ ಕೊಟ್ಟ ಮೇಲೆ ಸಂಜೆಯ ಲೆಕ್ಕ ಬರುತ್ತದೆ. ಬಿಸಿಲಿದ್ದರೆ ಮಾಲು ಸಾಲದು. ಗುಡುಗು ಮಳೆ ಬಂದರೆ ಮಾಡಿದ್ದೆಲ್ಲ ಹಾಳು. ದರ ಏರಿಸಿದರೆ ಗಿರಾಕಿ ಕಡಿಮೆ, ಇಳಿಸಿದರೆ ಗಿರಾಕಿ ಉಂಟು ಆದರೆ ಲಾಭವಿಲ್ಲ. ಮೊದಮೊದಲು ಒಂದು ಗ್ಲಾಸಿನ ಅಸಲು ಕಡಿಮೆ ಇರುತ್ತದೆ, ಏಕೆಂದರೆ ಸಕ್ಕರೆಯನ್ನು ಅವ್ವ ಕೊಟ್ಟಿರುತ್ತಾಳೆ! ಕೆಲವು ದಿನಗಳ ಮೇಲೆ ಅವ್ವನ ಸಕ್ಕರೆ ನಿಂತು, ಖರ್ಚು ಏರುತ್ತದೆ. ಅಪ್ಪನ ಜಾಗದಲ್ಲಿ ಬಾಡಿಗೆ ಇಲ್ಲದೆ ಅಂಗಡಿ ತೆರೆದು ‘ಲಾಭವಾಯಿತು’ ಎನ್ನುವ ತರುಣರಿಗೆ ಈ ಸಕ್ಕರೆಯ ಲೆಕ್ಕವನ್ನು ತೋರಿಸಬೇಕು. ಹತ್ತು ವರ್ಷದ ಹುಡುಗ ಹುಡುಗಿಯರಿಗೆ ನಾವು ಮೊದಲು ಕೊಡುವ ಆಟ ಇದೇ.

ನಾಲ್ಕು: ಸಿಮ್‌ಸಿಟಿ

1984ರಲ್ಲಿ ವಿಲ್ ರೈಟ್ ಎಂಬ ಅಮೆರಿಕದ ತರುಣರು ‘ರೇಡ್ ಆನ್ ಬಂಗೆಲಿಂಗ್ ಬೇ’ ಎಂಬ ಆಟ ತಯಾರಿಸಿದರು. ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವುದೇ ಅದರ ಕೆಲಸ. ಆ ದ್ವೀಪಗಳಲ್ಲಿ ರಸ್ತೆ, ಕಾರಖಾನೆಗಳನ್ನು ಹೊಂದಿಸಲು ಅವರು ತಮಗಾಗಿ ಒಂದು ಸಾಧನ ಮಾಡಿಕೊಂಡಿದ್ದರು. ಬಾಂಬು ಹಾಕುವುದಕ್ಕಿಂತ ಊರು ಕಟ್ಟುವುದೇ ತಮಗೆ ಹೆಚ್ಚು ಸಂತೋಷ ಕೊಡುತ್ತಿದೆ ಎಂಬುದು ಅವರಿಗೆ ಆಗ ಹೊಳೆಯಿತು. ಆ ಹೊಳಹಿನಿಂದ 1989ರಲ್ಲಿ ಸಿಮ್‌ಸಿಟಿ ಹುಟ್ಟಿತು. ಗೆಲುವೂ ಸೋಲೂ ಇಲ್ಲದ ಆಟವನ್ನು ಯಾರು ಕೊಳ್ಳುತ್ತಾರೆಂದು ಪ್ರಕಾಶಕರು ಹಿಂಜರಿದರು. ರೈಟ್ ಅವರು ಜೆಫ್ ಬ್ರಾನ್ ಎಂಬವರೊಡನೆ ಮ್ಯಾಕ್ಸಿಸ್ ಎಂಬ ಸ್ವಂತ ಕಂಪನಿ ತೆರೆದು ಅದನ್ನು ಹೊರತಂದರು. ಕೆಡಹುವ ಆಟದ ಹಿತ್ತಿಲಿನಲ್ಲಿ ಕಟ್ಟುವ ಆಟ ಹುಟ್ಟಿದ ಈ ಸಂಗತಿ ನಮಗೆ ಬಹಳ ಹಿಡಿಸಿದೆ.

ಇಲ್ಲಿ ಆಡುವವನೇ ನಗರದ ಮೇಯರ್. ಖಾಲಿ ನೆಲದಲ್ಲಿ ವಸತಿ, ಪೇಟೆ, ಕಾರಖಾನೆಗಳಿಗೆ ಜಾಗ ಗುರುತಿಸಬೇಕು. ವಿದ್ಯುತ್ತು, ರಸ್ತೆ, ಪೊಲೀಸ್ ಠಾಣೆ ಒದಗಿಸಬೇಕು. ತೆರಿಗೆ ಮೊದಲಿಗೆ ನೂರಕ್ಕೆ ಏಳು. ಏರಿಸಿದರೆ ಜನ ಊರು ಬಿಡುತ್ತಾರೆ, ಇಳಿಸಿದರೆ ರಸ್ತೆ ರಿಪೇರಿಗೆ ಹಣವಿಲ್ಲ. ನಗರಪಾಲಿಕೆಯನ್ನು ದಿನವೂ ಶಪಿಸುವ ನಮ್ಮ ಪೇಟೆಯ ಹಿರಿಯರನ್ನು ಒಂದು ರವಿವಾರ ಇದರ ಮುಂದೆ ಕೂರಿಸಿ ನೋಡಬೇಕು. ಶಾಪ ನಿಲ್ಲಲಿಕ್ಕಿಲ್ಲ, ಆದರೆ ಅದರಲ್ಲಿ ಸ್ವಲ್ಪ ಲೆಕ್ಕ ಸೇರೀತು.

ಐದು: ಅಲ್ಟಿಮಾ ನಾಲ್ಕು

ಆರರಲ್ಲಿ ಯಾವುದು ಎಲ್ಲಕ್ಕಿಂತ ಮೇಲು ಎಂದರೆ ನಾವು ಇದನ್ನೇ ತೋರಿಸುತ್ತೇವೆ. ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಹೊರತಂದ ಈ ಆಟದ ಪೂರ್ಣ ಹೆಸರಿನಲ್ಲಿ ನಮ್ಮ ‘ಅವತಾರ’ ಶಬ್ದವೇ ಇದೆ. ಹಿಂದಿನ ಆಟಗಳಲ್ಲಿ ಗೆಲ್ಲಲಿಕ್ಕಾಗಿ ಆಟಗಾರರು ಊರಿನ ಬಡವರನ್ನು ಕೊಲ್ಲುವುದು, ಅಂಗಡಿ ದೋಚುವುದು ಮಾಡುತ್ತಿದ್ದಾರೆಂದು ಗ್ಯಾರಿಯಟ್ ಅವರಿಗೆ ಬಂದ ಪತ್ರಗಳಿಂದ ತಿಳಿಯಿತು. ಹಾಗಾಗಿ ಈ ಸಲ ಕೊನೆಯಲ್ಲಿ ಕೊಲ್ಲಬೇಕಾದ ದುಷ್ಟನನ್ನೇ ಅವರು ಇಡಲಿಲ್ಲ. ಪ್ರಾಮಾಣಿಕತೆ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಮರ್ಯಾದೆ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ಪಡೆಯುವುದೇ ಗುರಿ. ಭಿಕ್ಷುಕನಿಗೆ ಕಾಸು ಕೊಟ್ಟರೆ ಕರುಣೆ ಬೆಳೆಯುತ್ತದೆ. ವೈದ್ಯನಲ್ಲಿ ರಕ್ತ ಕೊಟ್ಟರೆ ತ್ಯಾಗ ಬೆಳೆಯುತ್ತದೆ. ಕಾದಾಟವೂ ಇದೆ, ಇಲ್ಲವೆನ್ನುವುದಿಲ್ಲ.

ವ್ಯಾಪಾರಿಗಳು ನೋಡಬೇಕಾದ ಜಾಗ ಒಂದಿದೆ. ಗಿಡಮೂಲಿಕೆ ಮಾರುವವರಿಗೆ ಕಣ್ಣು ಕಾಣುವುದಿಲ್ಲ. ಇಷ್ಟು ಹಣವಾಯಿತು ಎಂದು ಅವರು ಹೇಳುತ್ತಾರೆ. ಎಷ್ಟು ಕೊಡುತ್ತೇವೆಂದು ಬರೆಯುವವರು ನಾವು. ಕಡಿಮೆ ಕೊಟ್ಟರೂ ಮಾಲು ಸಿಗುತ್ತದೆ. ಯಾರೂ ಕೂಗುವುದಿಲ್ಲ, ಪೊಲೀಸರು ಬರುವುದಿಲ್ಲ, ಪರದೆಯ ಮೇಲೆ ಏನೂ ಕಾಣುವುದಿಲ್ಲ. ಆದರೆ ಒಳಗೆ ಪ್ರಾಮಾಣಿಕತೆಯ ಖಾತೆಯಿಂದ ಕಳೆಯುತ್ತ ಹೋಗುತ್ತದೆ. ಎಷ್ಟೋ ದಿನಗಳ ಆಟದ ಮೇಲೆ ಅರಮನೆಯ ಜ್ಞಾನಿಯನ್ನು ಕೇಳಿದಾಗ, ‘ನೀನು ಇನ್ನೂ ಬಹಳ ದೂರ ಇದ್ದೀ’ ಎಂಬ ಅರ್ಥದ ಉತ್ತರ ಬರುತ್ತದೆ. ಆಗ ಆ ನಾಲ್ಕು ಕಾಸಿನ ನೆನಪಾಗುತ್ತದೆ. ತಕ್ಕಡಿ ಹಿಡಿದವನನ್ನು ಯಾರೂ ನೋಡದ ಗಳಿಗೆಯೇ ಅವನ ಪರೀಕ್ಷೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದದ್ದನ್ನು ಈ ಆಟ ಆಡಿಸಿ ತೋರಿಸುತ್ತದೆ.

ಆಟದಲ್ಲಿ ಗುಣ ಅಳೆಯುವುದು ನಮ್ಮವರಿಗೆ ಹೊಸದೇನಲ್ಲ. ಇಂದಿನ ಹಾವು ಏಣಿಯಾಟದ ಹಿಂದಿರುವ ಹಳೆಯ ಜ್ಞಾನಪಟಗಳಲ್ಲಿ ಜೈನರ 84 ಮನೆಗಳ ಪಟಗಳೂ ಇವೆ. ಆದರೆ ಅಲ್ಲಿ ಹಾವು, ಏಣಿ ಸಿಗುವುದು ದಾಳ ಬಿದ್ದಂತೆ. ಇಲ್ಲಿ ದಾಳದ ಜಾಗದಲ್ಲಿ ನಮ್ಮ ಕೈಯೇ ಇದೆ.

ಆರು: ಅಂಡರ್‌ಟೇಲ್

ಇದು 2015ರ ಆಟ. ಟೋಬಿ ಫಾಕ್ಸ್ ಎಂಬ ತರುಣರು ಕಥೆ, ಸಂಗೀತ, ಪ್ರೋಗ್ರಾಮುಗಳ ಬಹುಪಾಲನ್ನು ಒಬ್ಬರೇ ಮಾಡಿದ್ದಾರೆ. ಭೂಮಿಯ ಕೆಳಗಿನ ವಿಚಿತ್ರ ಜೀವಿಗಳ ಲೋಕಕ್ಕೆ ಮಗುವೊಂದು ಬೀಳುತ್ತದೆ. ಎದುರಾದವರೊಡನೆ ಕಾದಾಡಬಹುದು, ಇಲ್ಲವೇ ‘ದಯೆ’ ಎಂಬ ಗುಂಡಿ ಒತ್ತಬಹುದು. ಮಾತಾಡಿಸಿ, ನಗಿಸಿ, ಸಮಾಧಾನ ಮಾಡಿ ಬಿಟ್ಟುಬಿಡಬಹುದು. ಒಬ್ಬರನ್ನೂ ಕೊಲ್ಲದೆ ಆಟವನ್ನು ಕೊನೆಯವರೆಗೆ ಮುಗಿಸಲು ಬರುತ್ತದೆ, ಆದರೆ ಅದು ಕೊಲ್ಲುವುದಕ್ಕಿಂತ ಕಷ್ಟ. ಅನುಭವದ ಅಂಕವೆಂದು ಆಟಗಾರ ಕೂಡಿಟ್ಟುಕೊಂಡದ್ದು ನಿಜವಾಗಿ ಕೊಂದ ಲೆಕ್ಕವೆಂದು ಕೊನೆಯ ಹೊತ್ತಿಗೆ ತಿಳಿಯುತ್ತದೆ. ಒಮ್ಮೆ ಎಲ್ಲರನ್ನೂ ಕೊಂದು ಮುಗಿಸಿದವನು ಮತ್ತೆ ಮೊದಲಿನಿಂದ ಶುರುಮಾಡಿ ಎಲ್ಲರನ್ನೂ ಉಳಿಸಿದರೂ ಕೊನೆ ಶುದ್ಧವಾಗಿ ಬರುವುದಿಲ್ಲ. ಹಳೆಯ ಬಾಕಿ ಖಾತೆಯಲ್ಲಿ ಹಾಗೆಯೇ ನಿಂತಿರುತ್ತದೆ.

ಹಿಟ್ಟಿನ ಕೋಳಿಯ ಪ್ರಶ್ನೆ

ಇಲ್ಲಿ ನಮ್ಮ ಮನೆಗಳಲ್ಲಿ ಏಳುವ ಮಾತೊಂದಿದೆ. ಪರದೆಯ ಮೇಲೆ ಕೊಂದರೆ ಯಾರು ಸತ್ತರು, ಅದು ಬರೀ ಚಿತ್ರ ತಾನೇ ಎಂದು ಮಕ್ಕಳು ಕೇಳುತ್ತಾರೆ. ಜನ್ನ ಕವಿಯ ‘ಯಶೋಧರ ಚರಿತೆ’ ಬಲ್ಲ ಹಿರಿಯರಿಗೆ ಹಿಟ್ಟಿನ ಕೋಳಿ ನೆನಪಾಗುತ್ತದೆ. ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಯಶೋಧರನೂ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ನೊಂದರು.

ಇಬ್ಬರ ಮಾತಿನಲ್ಲಿಯೂ ಹುರುಳಿದೆ ಎಂದು ನಾವು ತಿಳಿದಿದ್ದೇವೆ. ಮಾರಿಯೊ ಅಣಬೆಯಂಥ ಬೊಂಬೆಯ ಮೇಲೆ ಹಾರುವಾಗ ಮಗುವಿನ ಮನಸ್ಸು ಹಾರುವುದರಲ್ಲಿರುತ್ತದೆ. ರಕ್ತ ಚಿಮ್ಮಿಸಿ, ಎದುರಾಳಿಯ ಕೂಗು ಕೇಳಿಸಿ, ಅದಕ್ಕೇ ಬಹುಮಾನ ಕೊಡುವ ಆಟದಲ್ಲಿ ಮನಸ್ಸು ಎಲ್ಲಿರುತ್ತದೆ? ಅಲ್ಲಿ ಸಂತೋಷವೇ ಕೊಲೆಯಿಂದ ಬರುತ್ತದೆ. ಅಂಥವನ್ನು ನಾವು ಮನೆಯಲ್ಲಿ ಇಟ್ಟುಕೊಂಡಿಲ್ಲ. ಮಗುವಿನ ಪಕ್ಕ ಹತ್ತು ನಿಮಿಷ ಕುಳಿತು ಅದರ ಮುಖ ನೋಡಿದರೆ ಯಾವ ಆಟ ಯಾವ ಜಾತಿಯದೆಂದು ತಾಯಿಗೆ ತಾನೇ ತಿಳಿಯುತ್ತದೆ.

ಹಿಂಸೆ ಬೇಡವೆಂದು ಒಕ್ಕಲುತನದ ಆಟ ಹುಡುಕುವವರಿಗೂ ಒಂದು ಮಾತು. ಎರಿಕ್ ಬರೋನ್ ಒಬ್ಬರೇ ವರ್ಷಗಟ್ಟಲೆ ದುಡಿದು 2016ರಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ ಬಹಳ ಸೊಗಸಾದದ್ದು. ಆದರೆ ಅದರಲ್ಲಿ ಮೀನು ಹಿಡಿಯುವುದುಂಟು. ಮೊದಲ ದಿನ ಬಿತ್ತಲು ಕೊಡುವ ಬೀಜವೂ ಪಾರ್ಸ್ನಿಪ್ ಎಂಬ ಗಜ್ಜರಿ ಜಾತಿಯ ಗಡ್ಡೆಯದು! ಆಟದಲ್ಲಿಯೂ ಕಂದಮೂಲವೇ ಎಂದು ಮನೆಯ ಹೆಣ್ಣುಮಕ್ಕಳು ನಕ್ಕರೆ ನಾವೇನೂ ಹೇಳಲಾರೆವು.

ಪುಕ್ಕಟೆ ಆಟದ ಬೆಲೆ

ಈಗಿನ ಮೊಬೈಲ್ ಆಟಗಳ ವಿಷಯದಲ್ಲಿ ನಮಗಿರುವ ಅಂಜಿಕೆ ಹಿಂಸೆಗಿಂತ ಹೆಚ್ಚಾಗಿ ಹಣದ್ದು. ಹಿಂದೆ ಕ್ಯಾಸೆಟ್ ಕೊಂಡರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಈಗ ಆಟ ಪುಕ್ಕಟೆ. ಆದರೆ ಬೇಗ ಮುಂದೆ ಹೋಗಲು, ಹೊಸ ಉಡುಪು ತೊಡಲು, ಒಳಗೇನಿದೆಯೆಂದು ಗೊತ್ತಿಲ್ಲದ ಪೆಟ್ಟಿಗೆ ತೆರೆಯಲು ಹಣ ಕೇಳುತ್ತದೆ. ಇಂಥ ಪೆಟ್ಟಿಗೆಗಳು ಜೂಜೇ ಸರಿ ಎಂದು ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲಿಯೇ ಹೇಳಿತು. ಬೆಲೆ ಹೇಳದೆ ಮಾಲು ಕಟ್ಟಿಕೊಡುವ ಅಂಗಡಿಗೆ ನಾವು ಎರಡನೆಯ ಸಲ ಹೋಗುತ್ತೇವೆಯೇ?

ಹಣ ಕಟ್ಟಿ ಹಣ ಗೆಲ್ಲುವ ರಮ್ಮಿ ಮುಂತಾದ ಆ್ಯಪುಗಳು ಇದಕ್ಕಿಂತ ಮುಂದೆ ಹೋಗಿದ್ದವು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಅದು ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ಭೇದವನ್ನು ಕಾಯಿದೆ ಮಾಡುವುದಿಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಕಾಯಿದೆ ಏನೇ ಇರಲಿ, ಗಲ್ಲಾದ ಹಣವೂ ಮೊಬೈಲಿನ ಹಣವೂ ಒಂದೇ ಆಗಿರುವ ನಮ್ಮಂಥ ಮನೆಗಳಲ್ಲಿ ಕಾವಲು ಮನೆಯವರದೇ. ಅಂಗಡಿಯ ಖಾತೆ ಜೋಡಿಸಿದ ಮೊಬೈಲನ್ನು ಮಕ್ಕಳ ಆಟಕ್ಕೆ ಕೊಡಬಾರದು. ತರುಣರಿಗೂ ಇದನ್ನು ಸಂಶಯದಿಂದಲ್ಲ, ಮನೆಯ ಕಟ್ಟಳೆಯೆಂದು ಹೇಳಬೇಕು. ಹೊತ್ತಿಗೂ ಹಾಗೆಯೇ ಮಿತಿ ಬೇಕು. ಆಟದ ಮೇಲೆ ಹಿಡಿತ ತಪ್ಪಿ ಬದುಕು ಕೆಡುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ; ಅದು 2022ರಿಂದ ಜಾರಿಯಲ್ಲಿದೆ.

2023ರ ಡಿಸೆಂಬರಿನಲ್ಲಿ ಅಮೆರಿಕದ ಹದಿಮೂರು ವರ್ಷದ ಹುಡುಗನೊಬ್ಬ ನಿಂಟೆಂಡೊದ 1989ರ ಟೆಟ್ರಿಸನ್ನು, ಯಂತ್ರವೇ ಮುಂದೆ ಹೋಗಲಾರದೆ ನಿಲ್ಲುವವರೆಗೆ ಆಡಿದ. ಹಾಗೆ ಮಾಡಿದ ಮೊದಲ ಮನುಷ್ಯ ಅವನು. ಅವನು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ತಯಾರಾದ ಆಟವದು. ಒಳ್ಳೆಯ ಆಟಕ್ಕೆ ವಯಸ್ಸಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಂಗಡಿಗೆ ರಜೆಯಿರುವ ದಿನ ಮನೆಯ ಹಿರಿಯರು ಒಂದು ತಾಸು ಮಕ್ಕಳ ಜೊತೆ ಕುಳಿತು ಇವುಗಳಲ್ಲಿ ಒಂದನ್ನು ಆಡಿ ನೋಡಲಿ. ಆಡಿ ಎದ್ದ ಮೇಲೆ ಉಳಿದ ಶಿಲ್ಕು ಏನೆಂದು ಮಕ್ಕಳನ್ನೇ ಕೇಳಲಿ. ಬೇಡವೆನ್ನುವ ಆಟವನ್ನು ಏಕೆ ಬೇಡವೆನ್ನುತ್ತೇವೆಂದು ಆಗ ಅವರಿಗೆ ಹೇಳುವುದು ಸುಲಭವಾದೀತು.